ಜನರಲ್ ಸಾಹೇಬರ ಮುಖ್ಯ ಬಾಗಿಲು

ನಿಮ್ಮ ಮನೆಗೆ ಕುದುರೆ ಬರುತ್ತದೆ, ಖಾಲಿ ಮಾಡಿ ಅಂದರು.

ಮನೆ ಅಂದರೆ ಒಂದು ಕೋಣೆ. ಹತ್ತು ಹೆಜ್ಜೆ ಉದ್ದ, ಏಳು ಹೆಜ್ಜೆ ಅಗಲ, ಮೇಲೆ ತಗಡು. ಅದರೊಳಗೆ ಒಂದು ಒಲೆ, ಒಂದು ಮಂಚ, ಒಂದು ನೀರಿನ ಡ್ರಮ್ಮು, ನನ್ನ ಅತ್ತೆ, ನನ್ನ ಗಂಡ, ನಾನು. ದಂಡಿನವರ ದೊಡ್ಡ ಬಂಗಲೆಯ ಹಿಂಗೋಡೆಗೆ ನಮ್ಮ ಕೋಣೆ ಎಮ್ಮೆಗೆ ಉಣ್ಣೆ ಕಚ್ಚಿಕೊಂಡ ಹಾಗೆ ಕಚ್ಚಿಕೊಂಡಿದೆ. ಬಂಗಲೆಯಲ್ಲಿ ಹದಿನಾರು ಕೋಣೆ, ಎಂಟು ಬಚ್ಚಲು. ಯಾರೂ ವಾಸವಿಲ್ಲ. ವರ್ಷಕ್ಕೆ ನಾಲ್ಕು ಸಲ ಯಾರೋ ದೊಡ್ಡವರು ಬಂದು ಎರಡು ದಿನ ಮಲಗಿ ಎದ್ದು ಹೋಗುತ್ತಾರೆ. ಆ ಹದಿನಾರು ಕೋಣೆಯಲ್ಲಿ ಒಂದರಲ್ಲೂ ಕುದುರೆಗೆ ಜಾಗ ಇರಲಿಲ್ಲ. ನಮ್ಮ ಒಂದರಲ್ಲಿತ್ತು.

ಅದೂ ಜೀವ ಇರುವ ಕುದುರೆಯಲ್ಲ. ಫೈಬರಿನದು.

ನೋಟಿಸು ತಂದವನು ಫೈಲಣ್ಣ, ದಂಡಿನ ಕಚೇರಿಯ ಗುಮಾಸ್ತ. ಕಂಕುಳಲ್ಲಿ ಫೈಲಿಲ್ಲದಿದ್ದರೆ ಅವನ ಹೆಂಡತಿಗೂ ಅವನ ಗುರುತು ಸಿಗಲಿಕ್ಕಿಲ್ಲ. ಕೆಟ್ಟವನಲ್ಲ. ಕೆಟ್ಟವನಾಗುವಷ್ಟು ಪುರುಸೊತ್ತು ಅವನಿಗಿರಲಿಲ್ಲ.

"ಅಜ್ಜಿ, ಬಂಗಲೆಗೆ ಜನರಲ್ ಸಾಹೇಬರ ಹೆಸರಿಡ್ತಾರೆ," ಅಂದ.

ಆ ಹೆಸರು ಆಗಲೇ ಮೂರು ರಸ್ತೆಗೆ, ಒಂದು ಸೇತುವೆಗೆ, ಒಂದು ಆಟದ ಮೈದಾನಕ್ಕೆ, ಒಂದು ಬೂಟ್ ಪಾಲಿಶಿಗೆ ಇಟ್ಟಾಗಿತ್ತು. ಐವತ್ತೇಳು ವರ್ಷದ ಹಿಂದೆ, ದೊಡ್ಡ ಯುದ್ಧದಲ್ಲಿ, ಅವರು ಈ ಬಂಗಲೆಯಲ್ಲಿ ಹನ್ನೊಂದು ದಿನ ಇದ್ದರು. ಇಲ್ಲಿಂದಲೇ ಯುದ್ಧ ಗೆದ್ದರು. ಹಾಗಂತ ಶಾಲೆಯ ಪುಸ್ತಕದಲ್ಲಿದೆ.

"ಇಟ್ಕೊಳ್ಲಿ ಬಿಡು," ಅಂದಳು ಅತ್ತೆ. "ಅದಕ್ಕೆ ನಾವ್ಯಾಕೆ ಏಳಬೇಕು?"

"ಅವರ ಕುದುರೆ ಈ ಕೋಣೇಲಿ ಕಟ್ಟಿತ್ತಂತೆ. ಅದಕ್ಕೆ ಇದು ಚಾರಿತ್ರಿಕ ಲಾಯ. ಇದ್ದ ಹಾಗೆ ಮಾಡಬೇಕು ಅಂತ ಆದೇಶ ಆಗಿದೆ."

"ಕಟ್ಟಿತ್ತು. ನಾನೇ ಎದ್ದು ಜಾಗ ಕೊಟ್ಟೆ."

ಫೈಲಣ್ಣ ಪೆನ್ನು ತೆಗೆದ. "ನೀವು ಆಗ ಇಲ್ಲೇ ಇದ್ರಾ?"

"ಇನ್ನೆಲ್ಲಿರ್ತೀನಿ? ಮದುವೆಯಾಗಿ ವರ್ಷ ಆಗಿತ್ತು. ಹೊಟ್ಟೇಲಿ ಇವನಿದ್ದ," ಅಂತ ನನ್ನ ಗಂಡನ ಕಡೆ ಗದ್ದ ಎತ್ತಿದಳು. "ಏಳು ತಿಂಗಳು. ಕುದುರೆಗೆ ಶೀತ ಆಗುತ್ತೆ, ನೀವು ಮರದ ಕೆಳಗೆ ಮಲಗಿ ಅಂದ್ರು. ಮಲಗಿದ್ವಿ. ಅದಾದ್ರೂ ಜೀವ ಇದ್ದ ಪ್ರಾಣಿ, ಚಳಿ ಆಗ್ತಿತ್ತು. ಇದಕ್ಕೇನಾಗುತ್ತೋ ಮಗಾ? ಬಣ್ಣ ಹೋಗುತ್ತಾ?"

"ಹೋಗುತ್ತೆ ಅಜ್ಜಿ. ಬಿಸಿಲಿಗೆ ಬೇಗ ಹೋಗುತ್ತೆ," ಅಂದ ಫೈಲಣ್ಣ, ತುಂಬ ಪ್ರಾಮಾಣಿಕವಾಗಿ.

ನೋಟಿಸು ನಾನು ಓದಿದೆ. ಓದುವುದು ನನಗೆ ಬರುತ್ತದೆ. ಬಂಗಲೆಯ ಕಸದ ಬುಟ್ಟಿಯಿಂದ ಕಲಿತದ್ದು. ಸಾಹೇಬರುಗಳು ಹರಿದು ಹಾಕಿದ ಕಾಗದ ಜೋಡಿಸಿ ಜೋಡಿಸಿ ಅಕ್ಷರ ಕೂಡಿಸಿದೆ. ಹಾಗಾಗಿ ನನಗೆ ಮೊದಲು ಬಂದ ಪದ 'ಪ್ರಿಯೆ', ಎರಡನೆಯದು 'ಅಮಾನತು'. ಈ ನೋಟಿಸಿನಲ್ಲಿ ಎರಡೂ ಇರಲಿಲ್ಲ. 'ಅನಧಿಕೃತ ನಿವಾಸಿಗಳು' ಅಂತಿತ್ತು. ಹೆಸರಿಡುವ ದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಲಾಯವನ್ನು ತೆರವು ಮಾಡತಕ್ಕದ್ದು.

ಹದಿಮೂರು ದಿನ ಇತ್ತು.

ಮಾರನೇ ದಿನ ಫೈಲಣ್ಣ ಮತ್ತೆ ಬಂದ. ಸಮಾರಂಭಕ್ಕೆ ಪುಸ್ತಕ ಮಾಡುತ್ತಾರಂತೆ. ಆ ಹನ್ನೊಂದು ದಿನ ಜನರಲ್ ಸಾಹೇಬರನ್ನು ಇಲ್ಲಿ ಕಣ್ಣಾರೆ ಕಂಡವರು ಯಾರೂ ಬದುಕಿಲ್ಲ, ಅತ್ತೆ ಒಬ್ಬಳೇ. ಎರಡು ಮಾತು ಹೇಳಬೇಕಂತೆ. ಎಬ್ಬಿಸುವುದಕ್ಕೆ ನಾವು ಅನಧಿಕೃತ. ನೆನಪು ಹೇಳುವುದಕ್ಕೆ ಅಧಿಕೃತ.

"ಜನರಲ್ ಸಾಹೇಬರು ನೋಡೋಕೆ ಹೇಗಿದ್ರು ಅಜ್ಜಿ?"

"ಮುಖ ನೋಡಿಲ್ಲ."

"ಮತ್ತೆ?"

"ಪಾತ್ರೆ ನೋಡಿದೀನಿ."

ಫೈಲಣ್ಣನಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಬೇಕಾಯಿತು.

ಬಂಗಲೆಯ ಪ್ರತಿ ಬಚ್ಚಲಿಗೂ ಎರಡು ಬಾಗಿಲು. ಒಂದು ಒಳಗಿನಿಂದ, ಸಾಹೇಬರಿಗೆ. ಒಂದು ಹಿತ್ತಲಿನಿಂದ, ನಮಗೆ. ಆಗ ನೀರು ಎಳೆಯುವ ಕಕ್ಕಸು ಇರಲಿಲ್ಲ. ಮರದ ಪೆಟ್ಟಿಗೆ, ಅದರೊಳಗೆ ತಗಡಿನ ಪಾತ್ರೆ. ಸಾಹೇಬರ ಕೆಲಸ ಮುಗಿದರೆ ಹಿತ್ತಲ ಬಾಗಿಲನ್ನು ಎರಡು ಸಲ ತಟ್ಟುತ್ತಾರೆ. ಅವರು ಒಳಗೆ ಹೋದ ಮೇಲೆ ನಾವು ಬಾಗಿಲು ತೆಗೆದು ಪಾತ್ರೆ ಎತ್ತಬೇಕು. ಅವರು ನಮ್ಮನ್ನು ನೋಡಬಾರದು. ನಾವು ಅವರನ್ನು ನೋಡಬಾರದು. ಪಾತ್ರೆ ಮಾತ್ರ ಇಬ್ಬರನ್ನೂ ನೋಡುತ್ತದೆ. ಸೊಂಟದ ಮೇಲಿಟ್ಟುಕೊಂಡು ನಾನೂರು ಹೆಜ್ಜೆ ನಡೆದು ಗುಂಡಿಗೆ ಸುರಿದು, ಬೂದಿ ಹಾಕಿ ತಿಕ್ಕಿ ತರಬೇಕು. ಅತ್ತೆಯ ಎಡ ಸೊಂಟದಲ್ಲಿ ಪಾತ್ರೆಯ ಅಂಚು ಕೊರೆದ ಗೆರೆ ಇವತ್ತಿಗೂ ಇದೆ. ಬೆರಳಿಟ್ಟರೆ ಹಳ್ಳ ಸಿಗುತ್ತದೆ.

ಈಗ ನೀರು ಬಂದಿದೆ, ಪಾತ್ರೆ ಹೋಗಿದೆ. ನಿಯಮ ಹೋಗಿಲ್ಲ. ಬಚ್ಚಲು ನಾನು ತೊಳೆಯುತ್ತೇನೆ, ಹಿತ್ತಲಿನಿಂದ ಹೋಗಿ ಹಿತ್ತಲಿನಿಂದ ಬರುತ್ತೇನೆ. ಹಜಾರ, ಜಗಲಿ ಒರೆಸುವವರು ಸಮವಸ್ತ್ರದವರು. ನನ್ನ ಗಂಡ ಗಾರೆ ಕೆಲಸದವರು. ಹಿಂದಿನ ಗೋಡೆ, ಮೋರಿ, ಕೊಳಾಯಿ ಕಟ್ಟೆ ಅವರ ಪಾಲು. ಮೂವತ್ತು ವರ್ಷದಲ್ಲಿ ಬಂಗಲೆಯ ಮುಂಬಾಗಿಲನ್ನು ನಾನು ನೋಡಿದ್ದು ಒಂದೇ ಸಲ. ಕಸಕ್ಕೆ ಬಿದ್ದ ಕ್ಯಾಲೆಂಡರಿನಲ್ಲಿ.

"ಹನ್ನೊಂದು ದಿನ ಅವರು ಮೇಜಿನ ಮುಂದೆ ಕೂತು ನಕ್ಷೆ ನೋಡಿದ್ರು ಅಂತ ಇದೆಯಲ್ಲ ಅಜ್ಜಿ," ಅಂದ ಫೈಲಣ್ಣ.

"ಮೇಜಿನ ಮುಂದೆ ಅಲ್ಲ."

"ಮತ್ತೆ?"

"ಮೊದಲನೇ ದಿನ ಆರು ಸಲ. ಎರಡನೇ ದಿನ ಹದಿನಾಲ್ಕು ಸಲ. ಮೂರನೇ ದಿನ ನಾನು ಕೋಣೆ ಕಡೆ ಹೋಗೋದೇ ಬಿಟ್ಟೆ. ಹೋಗೋಕೆ ಕೋಣೆನೂ ಇರಲಿಲ್ಲ, ಕುದುರೆ ಇತ್ತು. ಬಾಗಿಲ ಹತ್ರಾನೇ ಕೂತೆ. ಎತ್ತೋದು, ಸುರಿಯೋದು, ತಿಕ್ಕೋದು, ತರೋದು. ಅಷ್ಟರಲ್ಲಿ ಮತ್ತೆ ಟಕ್ ಟಕ್. ಏನು ತಿಂದಿದ್ದನೋ ಪುಣ್ಯಾತ್ಮ."

"ಯುದ್ಧ ನಡೀತಿತ್ತಲ್ಲ ಅಜ್ಜಿ?"

"ಹೂಂ. ಒಳಗಿನ ಬಾಗಿಲ ಹತ್ರ ಸಿಪಾಯಿಗಳು ಓಡಿ ಬರೋರು. 'ಸಾಹೇಬ್ರೆ, ವೈರಿ ನದಿ ಹತ್ರ ಬಂದ, ಏನಪ್ಪಣೆ?' ಅನ್ನೋರು. ಒಳಗಿಂದ 'ತಡೀರಿ!' ಅನ್ನೋರು ಇವರು. ಅವರು ಹೋಗಿ ತಡೆಯೋರು. ಸಾಯಂಕಾಲ ಮತ್ತೆ ಬರೋರು. ಮತ್ತೆ 'ತಡೀರಿ!' ಹನ್ನೊಂದು ದಿನ ಇದೇ. ಹನ್ನೊಂದನೇ ದಿನ, ಇವರೇನೋ ಭಾರಿ ಹಂಚಿಕೆ ಹಾಕಿದಾರೆ ಅಂತ ಹೆದರಿ ವೈರಿನೇ ವಾಪಸ್ ಹೋದನಂತೆ. ಅವತ್ತೇ ಇವರಿಗೂ ನಿಂತಿತು."

ಫೈಲಣ್ಣ ಪೆನ್ನಿನ ತುದಿ ಒರೆಸಿಕೊಂಡ. ಆಮೇಲೆ ಬರೆದ. ನಾನು ಎದುರಿಗೆ ಕೂತೇ ತಲೆಕೆಳಗಾಗಿ ಓದಿದೆ: 'ಜನರಲ್ ಸಾಹೇಬರು ಹನ್ನೊಂದು ದಿನ ಕದಲದೆ ಒಂದೇ ಆಸನದಲ್ಲಿ ಕುಳಿತು ರಾಷ್ಟ್ರವನ್ನು ಕಾಪಾಡಿದರೆಂದು ಪ್ರತ್ಯಕ್ಷದರ್ಶಿಯೊಬ್ಬರು ನೆನೆಯುತ್ತಾರೆ.'

"ನಾಲ್ಕು ನೂರು ಹೆಜ್ಜೆ ಹೊತ್ತಿದ್ದು ಬರಿಯೋ ಮಗಾ," ಅಂದಳು ಅತ್ತೆ.

"ಜಾಗ ಇಲ್ಲ ಅಜ್ಜಿ."

ನಾವು ಬೇರೆ ಕೋಣೆ ಹುಡುಕಿದೆವು. ನಾನು ಒಂದು ಬೀದಿ, ನನ್ನ ಗಂಡ ಒಂದು ಬೀದಿ. ಬಾಗಿಲಿಗೆ ಬೋರ್ಡು ಇರುತ್ತದೆ, ಕೋಣೆ ಖಾಲಿ ಇದೆ. ಏನು ಕೆಲಸ ಅನ್ನುತ್ತಾರೆ. ಬಚ್ಚಲು ತೊಳೆಯೋದು ಅನ್ನುತ್ತೇನೆ. ಅಯ್ಯೋ, ಈಗ ತಾನೇ ಕೊಟ್ಟುಬಿಟ್ವಲ್ಲ ಅನ್ನುತ್ತಾರೆ. ಬೋರ್ಡು ಮಾತ್ರ ಅಲ್ಲೇ ಇರುತ್ತದೆ. ಒಬ್ಬಾಕೆ ನಾನು ಮುಟ್ಟಿದ ಗೇಟನ್ನು ನನ್ನ ಮುಂದೆಯೇ ಒರೆಸಿದಳು. ತಪ್ಪಾಗಿ ಒರೆಸುತ್ತಿದ್ದಳು. ಒಣ ಬಟ್ಟೆಯಲ್ಲಿ ಒರೆಸಿದರೆ ಏನೂ ಹೋಗುವುದಿಲ್ಲ. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಹೇಳಿ ಬಂದೆ.

ಆಮೇಲೆ ಇಸ್ತ್ರಿ ಸಾಹೇಬರ ಹತ್ತಿರ ಹೋದೆವು. ದಂಡಿನ ಮನೆಗಳೆಲ್ಲ ಅವರ ಕೈಕೆಳಗೆ. ಅವರ ಪ್ಯಾಂಟಿನ ಗೆರೆ ಎಷ್ಟು ಹರಿತ ಅಂದರೆ ಕೂತರೆ ಕುರ್ಚಿ ಕುಯ್ದುಹೋಗುತ್ತದೆ ಅಂತ ನಿಂತೇ ಇರುತ್ತಾರೆ ಅಂತ ಮಾತು. ನಮ್ಮನ್ನು ಹತ್ತು ಹೆಜ್ಜೆ ಆಚೆ ನಿಲ್ಲಿಸಿ ಕರವಸ್ತ್ರದೊಳಗಿನಿಂದ ಮಾತಾಡಿದರು.

"ಎಷ್ಟು ವರ್ಷದಿಂದ ಇದೀರಿ?"

"ನಾನು ಹುಟ್ಟಿದ್ದೇ ಅಲ್ಲಿ ಸಾಹೇಬ್ರೆ," ಅಂದರು ನನ್ನ ಗಂಡ.

"ಅದು ತಾತ್ಕಾಲಿಕ ವ್ಯವಸ್ಥೆ."

"ಐವತ್ತೇಳು ವರ್ಷ ಸಾಹೇಬ್ರೆ."

"ಕುದುರೆ ಚರಿತ್ರೆ. ನೀವು ಚರಿತ್ರೆ ಅಲ್ಲ. ಅರ್ಥ ಆಯ್ತಾ?"

"ಆಯ್ತು ಸಾಹೇಬ್ರೆ," ಅಂದರು ನನ್ನ ಗಂಡ.

ಅವರ ಬಾಯಲ್ಲಿ ಅದೊಂದೇ ಮಾತು. ಆಯ್ತು ಸಾಹೇಬ್ರೆ. ಮೋರಿಗೆ ಇಳಿ ಅಂದರೆ ಆಯ್ತು ಸಾಹೇಬ್ರೆ. ಕೊಳಾಯಿ ಒಡೆದು ಮುಖಕ್ಕೆ ಚಿಮ್ಮಿದರೂ ಆಯ್ತು ಸಾಹೇಬ್ರೆ. ನನಗೆ ಮೈ ಉರಿಯುತ್ತಿತ್ತು. "ನಿಮ್ಮ ಬಾಯಿಗೆ ಗಾರೆ ಹಾಕಿದಾರಾ?" ಅಂದೆ ದಾರಿಯಲ್ಲಿ. ಅದಕ್ಕೂ "ಆಯ್ತು ಬಿಡೇ" ಅಂದರು.

ಕುದುರೆ ನಮಗಿಂತ ಅವಸರದಲ್ಲಿತ್ತು. ಆರು ದಿನ ಮೊದಲೇ ಲಾರಿಯಲ್ಲಿ ಬಂತು. ಹಿತ್ತಲಲ್ಲಿ ಇಳಿಸಿ, ಗೋಣಿ ಹೊದಿಸಿ ಹೋದರು. ಒಂದು ಕಾಲು ಎತ್ತಿಕೊಂಡು ನಮ್ಮ ಬಾಗಿಲನ್ನೇ ನೋಡುತ್ತ ನಿಂತಿತ್ತು, ನೀವು ಯಾವಾಗ ಹೊರಡ್ತೀರಿ ಅನ್ನುವ ಹಾಗೆ. ಎರಡು ದಿನ ಅತ್ತೆ ಅದರ ಮುಖಕ್ಕೆ ಮುಖ ಕೊಡಲಿಲ್ಲ. ಮೂರನೇ ದಿನ ಗೋಣಿ ಎಳೆದು ಅದರ ಬೆನ್ನ ಮೇಲೆ ಲಂಗ ಒಣಗಹಾಕಿದಳು. ಕಿವಿ ಎರಡಕ್ಕೂ ನನ್ನ ಗಂಡನ ಬನಿಯನ್ನು.

"ಒಳ್ಳೇ ಎತ್ತರಕ್ಕಿದೆ ಕಣೇ," ಅಂದಳು. "ಬಗ್ಗೋದು ತಪ್ಪಿತು."

ಸಮಾರಂಭಕ್ಕೆ ಮೂರು ದಿನ ಇರುವಾಗ ಕಲ್ಲು ಬಂತು. ಕರಿಕಲ್ಲು, ಮಂಚದಷ್ಟು ದೊಡ್ಡದು, ಚಿನ್ನದ ಬಣ್ಣದ ಅಕ್ಷರ. ಫೈಲಣ್ಣ ಒಂದು ಚೀಟಿ, ಒಂದು ಕೆಂಪು ಪರದೆ ನನ್ನ ಗಂಡನ ಕೈಗಿಟ್ಟ. "ನಾನು ಆಮಂತ್ರಣ ಹಂಚೋಕೆ ಹೋಗ್ತಿದೀನಿ. ಚೀಟೀಲಿ ಇದ್ದ ಹಾಗೆ ಮಾಡಿಬಿಡು," ಅಂತ ಸೈಕಲ್ ಹತ್ತಿದ. ಇಸ್ತ್ರಿ ಸಾಹೇಬರ ಸಹಿಯಿದ್ದ ಚೀಟಿ ನಾನು ಓದಿದೆ: 'ಶಿಲೆಯನ್ನು ಮುಖ್ಯ ಬಾಗಿಲಿನ ಬಲಗಡೆ, ಎದೆಯ ಎತ್ತರದಲ್ಲಿ, ಯಾವ ಕಾಲಕ್ಕೂ ಅಲುಗದಂತೆ ಕೂರಿಸತಕ್ಕದ್ದು.'

ಕಲ್ಲನ್ನು ತಳ್ಳುಗಾಡಿಗೆ ಹೇರಿ ನಾವಿಬ್ಬರೇ ತಳ್ಳಿದೆವು. ನಾನು ಹಿಂದೆ, ಅವರು ಮುಂದೆ. ನನ್ನ ಬೆನ್ನಿನ ಎಲುಬು ಒಂದೊಂದೇ ಕೂಗಿ ಹೇಳುತ್ತಿತ್ತು. ಬಂಗಲೆಯ ಪಕ್ಕ ಹಾಯ್ದು ಮುಂಗಡೆಯ ತೋಟಕ್ಕೆ ಬಂದೆವು. ಪಹರೆಯವನು ಕೋಲು ಅಡ್ಡ ಇಟ್ಟ.

"ಕೆಲಸದವರು ಹಿಂದಕ್ಕೆ."

"ಕಲ್ಲು ಕೂರಿಸೋದಿದೆ ಅಣ್ಣ."

"ಹೊಸ ಹುಲ್ಲು ಹಾಕಿದಾರೆ. ಕಲ್ಲಾದ್ರೂ ಸರಿ, ಬೆಟ್ಟ ಆದ್ರೂ ಸರಿ, ಹಿಂದಕ್ಕೆ."

"ಚೀಟಿ ಇದೆ."

"ನನ್ನ ಹತ್ರಾನೂ ಚೀಟಿ ಇದೆ. ನೋಡು. ಕೆಲಸದವರನ್ನ ಮುಂಗಡೆ ಬಿಡತಕ್ಕದ್ದಲ್ಲ. ಕೆಳಗೆ ಇಸ್ತ್ರಿ ಸಾಹೇಬರ ಸಹಿ."

ಹಿಂದೆ ತಳ್ಳಿದೆವು. ಊಟದ ಹೊತ್ತಿಗೆ ಪಹರೆ ಬದಲಾಗುತ್ತದೆ ಅಂತ ಮತ್ತೆ ತಳ್ಳಿದೆವು. ಪಹರೆ ಬದಲಾಗಿತ್ತು, ಚೀಟಿ ಅದೇ. ಮೂರನೇ ಸಲವೂ ಹೋದೆವು. ಮೂರನೇ ಸಲ ಅವನು ಕೋಲಿನಿಂದ ನನ್ನ ಗಂಡನ ಮೊಣಕಾಲಿಗೆ ತಟ್ಟಿದ. ಜೋರಾಗಿ ಅಲ್ಲ. ದನಕ್ಕೆ ತಟ್ಟುತ್ತಾರಲ್ಲ, ಹಾಗೆ.

ಹಿತ್ತಲಿಗೆ ಬಂದು ಕುಸಿದು ಕೂತೆವು. ನನ್ನ ಗಂಡ ಚೀಟಿಯನ್ನೇ ನೋಡುತ್ತಿದ್ದರು. ಅವರಿಗೆ ಓದು ಬರುವುದಿಲ್ಲ, ಆದರೂ ನೋಡುತ್ತಿದ್ದರು.

"ಮುಖ್ಯ ಬಾಗಿಲು ಅಂದ್ರೆ ಯಾವುದೇ?" ಅಂದರು.

"ಮುಂದಿನದು ಇರಬೇಕು."

"ಅಲ್ಲಿಗೆ ನಮ್ಮನ್ನ ಬಿಡಲ್ಲ ಅಂತ ಸಾಹೇಬರೇ ಸಹಿ ಹಾಕಿದಾರೆ. ಕಲ್ಲು ನಾನೇ ಕೂರಿಸಬೇಕು ಅಂತಾನೂ ಅವರೇ ಹೇಳಿದಾರೆ. ಹಾಗಾದ್ರೆ ನಾನು ಹೋಗಬಹುದಾದ ಬಾಗಿಲೇ ಇರಬೇಕಲ್ಲ?"

ಕಡ್ಡಿ ಮುರಿದ ಹಾಗೆ ಸರಿಯಾದ ಲೆಕ್ಕ. ಅತ್ತೆ ಕುದುರೆಯ ಮೇಲಿನ ಲಂಗ ಮಗುಚಿ ಹಾಕುತ್ತ ಅಲ್ಲಿಂದಲೇ ಅಂದಳು:

"ಅದ್ಯಾಕೆ ಅಷ್ಟು ಯೋಚನೆ? ಮುಂದಿನ ಬಾಗಿಲು ಹತ್ತು ದಿನ ಮುಚ್ಚಲಿ, ಮನೆ ನಡೆಯುತ್ತೆ. ಈ ಬಚ್ಚಲ ಬಾಗಿಲು ಎರಡು ದಿನ ಮುಚ್ಚಿ ನೋಡಿ. ಯಾವುದು ಮುಖ್ಯ ಅಂತ ಗೊತ್ತಾಗುತ್ತೆ. ಆ ಮನುಷ್ಯ ಹನ್ನೊಂದು ದಿನ ಇದ್ದಿದ್ದೂ ಈ ಬಾಗಿಲ ಹಿಂದೇನೇ. ನಾನೇ ಸಾಕ್ಷಿ. ಪುಸ್ತಕದಲ್ಲೂ ಹಾಕಿದಾನೆ."

ನಗಬೇಡಿ. ನಾವು ಕುಚೋದ್ಯ ಮಾಡಲಿಲ್ಲ. ನಮ್ಮ ಮೂವರಿಗೂ ಅದು ನ್ಯಾಯವಾಗಿ ಕಂಡಿತು.

ಬಚ್ಚಲ ಬಾಗಿಲಿನ ಬಲಗಡೆಯ ಗೋಡೆ ಅಂದರೆ ನಮ್ಮ ಕೋಣೆಯ ಗೋಡೆ. ನನ್ನ ಗಂಡ ಕೆಲಸಕ್ಕೆ ನಿಂತರೆ ಬೇರೆ ಮನುಷ್ಯ. ನಾಲ್ಕು ತೂತು ಆಚೆಯಿಂದ ಈಚೆಗೆ ಕೊರೆದರು. ನಾಲ್ಕು ಕಬ್ಬಿಣದ ಕೊಕ್ಕೆ ತೂರಿಸಿದರು. ಕಲ್ಲನ್ನು ನಾನು ಹೆಗಲು ಕೊಟ್ಟು ಎತ್ತಿ ಹಿಡಿದೆ, ಅತ್ತೆ ಕೆಳಗೆ ಇಟ್ಟಿಗೆ ಕೊಟ್ಟಳು. ಆಮೇಲೆ ಅವರು ನಮ್ಮ ಕೋಣೆಗೆ ಬಂದು, ಒಲೆಯ ಮೇಲ್ಗಡೆ ಚಾಚಿಕೊಂಡ ನಾಲ್ಕೂ ಕೊಕ್ಕೆಯ ತುದಿಯನ್ನು ಸುತ್ತಿಗೆಯಿಂದ ಬಾಗಿಸಿ ಸಿಮೆಂಟು ಮೆತ್ತಿದರು. ಕಲ್ಲಿಗೆ ಪರದೆ ಕಟ್ಟಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದರು. ಮದುವೆಯ ದಿನ ನನ್ನನ್ನೂ ಅವರು ಹಾಗೆ ನೋಡಿರಲಿಲ್ಲ.

ಸಾಯಂಕಾಲ ಫೈಲಣ್ಣ ಹಿತ್ತಲಿಗೆ ಬಾರದೆ, ರಸ್ತೆಯಲ್ಲಿ ಸೈಕಲ್ ಮೇಲಿಂದಲೇ ಕೇಳಿದ.

"ಕೂರಿಸಿದ್ಯಾ?"

"ಕೂರಿಸಿದೆ."

"ಭದ್ರ?"

"ಭೂಮಿ ನಡುಗಿದ್ರೂ ಅಲುಗಲ್ಲ."

"ಪರದೆ?"

"ಕಟ್ಟಿದೆ."

ಫೈಲಿನಲ್ಲಿ ಮೂರು ಟಿಕ್ಕು ಹಾಕಿ ಹೋದ. ಅಷ್ಟರಲ್ಲಿ ಮುಂಗಡೆಯಲ್ಲಿ ಹೂವಿನ ಕಮಾನು, ಬಟ್ಟೆ, ಬಾವುಟ ಎಲ್ಲ ಕಟ್ಟಿಯಾಗಿತ್ತು. ಅದರ ಹಿಂದೆ ಕಲ್ಲು ಇದೆ ಅಂತ ಎಲ್ಲರೂ ನಂಬಿದರು. ಯಾರೂ ನೋಡಲಿಲ್ಲ.

ಆ ದಿನ ಬಂತು. ನಾವು ಪಾತ್ರೆ, ಬಟ್ಟೆ ಮೂರು ಗಂಟು ಕಟ್ಟಿ ಅದರ ಮೇಲೆ ಕೂತಿದ್ದೆವು. ಎಲ್ಲಿಗೆ ಅಂತ ಗೊತ್ತಿರಲಿಲ್ಲ. ಅತ್ತೆ ಏನೂ ಕಟ್ಟಿರಲಿಲ್ಲ. ಒಲೆ ಹಚ್ಚಿ ಟೀ ಕಾಸುತ್ತಿದ್ದಳು. "ಕುಡಿದು ಹೋಗೋಣ ಬಿಡ್ರೇ," ಅನ್ನುತ್ತಿದ್ದಳು. ಎರಡು ಸಲ ಕುಡಿದಾಗಿತ್ತು. ಇದು ಮೂರನೆಯದು.

ಒಂಬತ್ತೂವರೆಗೆ ಮುಂಗಡೆಯಿಂದ ಒಂದು ಕೂಗು ಕೇಳಿತು. ಆಮೇಲೆ ಬೂಟಿನ ಸದ್ದು. ಇಸ್ತ್ರಿ ಸಾಹೇಬರು ಓಡಿ ಬರುತ್ತಿದ್ದರು. ಹಿಂದೆ ಇಬ್ಬರು ಕಿರಿಯ ಸಾಹೇಬರು, ಅವರ ಹಿಂದೆ ಹವಾಲ್ದಾರ, ಅವನ ಹಿಂದೆ ಫೈಲಣ್ಣ, ಫೈಲಿಲ್ಲದೆ. ಇಸ್ತ್ರಿ ಸಾಹೇಬರು ಬಚ್ಚಲ ಬಾಗಿಲು ನೋಡಿದರು. ಪಕ್ಕದಲ್ಲಿ ಕೆಂಪು ಪರದೆ ನೋಡಿದರು. ಬನಿಯನ್ನು ತೊಟ್ಟ ಕುದುರೆ ನೋಡಿದರು.

"ಇದೇನಿದು?"

"ಮುಖ್ಯ ಬಾಗಿಲು ಸಾಹೇಬ್ರೆ," ಅಂದರು ನನ್ನ ಗಂಡ.

"ಕೀಳು! ಈಗಲೇ ಕೀಳು! ಜನರಲ್ ಸಾಹೇಬರ ಮಗಳು ಅರ್ಧ ಗಂಟೇಲಿ ಬರ್ತಾರೆ!"

"ಆಯ್ತು ಸಾಹೇಬ್ರೆ."

ಹಾರೆ ತಂದರು. ಕಲ್ಲಿನ ಅಂಚಿಗೆ ಕಿವಿಯಿಟ್ಟು ಒಂದು ಸಲ ತಟ್ಟಿ ನೋಡಿದರು. ಮುಖ ಸಣ್ಣದಾಯಿತು.

"ಬಿರುಕು ಬಿಡುತ್ತೆ ಸಾಹೇಬ್ರೆ. ಹೆಸರಿನ ಮಧ್ಯದಿಂದಾನೇ ಎರಡಾಗುತ್ತೆ."

"ಏನಾದ್ರೂ ಆಗ್ಲಿ, ಕೀಳು!"

ಆಗ ನಾನು ಬಾಯಿ ಬಿಟ್ಟೆ. "ಹಾಗಂತ ಬರೆದು ಕೊಡಿ ಸಾಹೇಬ್ರೆ. ಜನರಲ್ ಸಾಹೇಬರ ಹೆಸರು ಒಡೆಯೋಕೆ ನಾನೇ ಅಪ್ಪಣೆ ಕೊಟ್ಟಿದ್ದು ಅಂತ. ಕೆಳಗೆ ಸಹಿ. ಇಲ್ಲದಿದ್ರೆ ನಾಳೆ ನಮ್ಮನ್ನ ಹಿಡೀತೀರಿ."

ಇಸ್ತ್ರಿ ಸಾಹೇಬರು ಸಹಿ ಹಾಕಲಿಲ್ಲ. ಹಾರೆಯನ್ನು ಅವರೇ ಕಸಿದುಕೊಂಡರು. ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು. ಹಾರೆಯನ್ನು ಕಿರಿಯ ಸಾಹೇಬರಿಗೆ ಕೊಟ್ಟು, "ನೀವು ಕೀಳ್ರಿ" ಅಂದರು. ಅವರು ಅದನ್ನು ಎರಡೂ ಕೈಯಲ್ಲಿ ಮಗುವಿನ ಹಾಗೆ ಹಿಡಿದು ಪಕ್ಕದವರಿಗೆ ಕೊಟ್ಟರು. ಪಕ್ಕದವರು ಹವಾಲ್ದಾರನಿಗೆ. ಹವಾಲ್ದಾರ ಸೆಲ್ಯೂಟ್ ಹೊಡೆದು ತೆಗೆದುಕೊಂಡ, ಸೆಲ್ಯೂಟ್ ಹೊಡೆದು ಫೈಲಣ್ಣನಿಗೆ ಕೊಟ್ಟ. ಫೈಲಣ್ಣ ಅಭ್ಯಾಸಬಲದಿಂದ ಅದನ್ನು ಕಂಕುಳಲ್ಲಿ ಇಟ್ಟುಕೊಂಡ. ಯುದ್ಧ ಗೆದ್ದ ದಂಡು. ಒಂದು ಹೆಸರಿಗೆ ಏಟು ಹಾಕಲು ಒಬ್ಬನಿಗೂ ಧೈರ್ಯ ಇರಲಿಲ್ಲ. ಕೊನೆಗೆ ಹಾರೆ ಸುತ್ತಿ ಬಳಸಿ ನನ್ನ ಗಂಡನ ಕೈಗೇ ಬಂತು.

"ಸರಿ. ಸಮಾರಂಭ ಇಲ್ಲೇ ಆಗ್ಲಿ," ಅಂದರು ಇಸ್ತ್ರಿ ಸಾಹೇಬರು, 'ಇಲ್ಲೇ' ಅನ್ನುವಾಗ ಮೂಗು ಹಿಡಿದುಕೊಂಡು. "ಕುರ್ಚಿ ತನ್ನಿ. ಬಚ್ಚಲ ಬಾಗಿಲಿಗೆ ಹೂವು ಹಾಕಿ. ಮೊದಲು ಈ ಜನರನ್ನ ಎಳೆದು ಆಚೆ ಹಾಕಿ. ಗಂಟು, ಒಲೆ, ಮುದುಕಿ, ಎಲ್ಲ."

ಹವಾಲ್ದಾರ ಅತ್ತೆಯ ರಟ್ಟೆ ಹಿಡಿದು ಹೊಸ್ತಿಲಾಚೆ ಎಳೆದ. ಅವಳ ಕೈಯಲ್ಲಿದ್ದ ಟೀ ಲೋಟ ಕೆಳಗೆ ಬಿತ್ತು.

ನನ್ನ ಗಂಡ ಆ ಲೋಟ ನೋಡಿದರು. ಅದು ಉರುಳಿ ಉರುಳಿ ನಿಲ್ಲುವವರೆಗೂ ನೋಡಿದರು. ಆಮೇಲೆ ಹಾರೆಯನ್ನು ಇಸ್ತ್ರಿ ಸಾಹೇಬರ ಹೊಳೆಯುವ ಬೂಟಿನ ಮುಂದೆ ನಿಧಾನಕ್ಕೆ ಮಲಗಿಸಿದರು.

"ಆಗಲ್ಲ ಸಾಹೇಬ್ರೆ," ಅಂದರು.

ಮೂವತ್ತು ವರ್ಷ ನಾನು ಆ ಗಂಟಲಿನಿಂದ ಆ ಮಾತು ಕೇಳಿರಲಿಲ್ಲ. ಅವರಿಗೇ ಕೇಳಿಸಿತೋ ಇಲ್ಲವೋ ಅನ್ನುವ ಹಾಗೆ ಇನ್ನೊಂದು ಸಲ ಅಂದರು. "ಆಗಲ್ಲ." ಕೋಣೆಯೊಳಗೆ ಹೋದರು. ಅಗುಳಿ ಹಾಕಿದ ಸದ್ದು. ಸುತ್ತಿಗೆ ಎತ್ತಿಕೊಂಡ ಸದ್ದು. ಒಳಗಿನಿಂದ ಅವರ ಧ್ವನಿ ಬಂತು.

"ಸಾಹೇಬ್ರೆ, ಕೊಕ್ಕೆ ನಾಲ್ಕೂ ನಮ್ಮ ಒಲೆ ಮೇಲಿದೆ. ಒಂದೊಂದಕ್ಕೆ ಒಂದೊಂದೇ ಏಟು, ಕಲ್ಲು ಚೂರು. ನಿಮ್ಮ ಜನರಲ್ ನಮ್ಮ ಗೋಡೆ ಹಿಡ್ಕೊಂಡು ನಿಂತಿದಾರೆ. ನಮ್ಮ ಅವ್ವನ ಕೈ ಬಿಡಿ."

ಹವಾಲ್ದಾರ ಕೈ ಬಿಟ್ಟ. ಯಾರೂ ಹೇಳಲಿಲ್ಲ, ತಾನೇ ಬಿಟ್ಟ.

"ಏನಾಗಬೇಕು ನಿಮಗೆ?" ಅಂದರು ಇಸ್ತ್ರಿ ಸಾಹೇಬರು. ಕರವಸ್ತ್ರ ಕೆಳಗಿಳಿದಿತ್ತು. ಅವರಿಗೆ ಮೀಸೆ ಇದೆ ಅಂತ ನನಗೆ ಗೊತ್ತಾಗಿದ್ದು ಆಗಲೇ.

"ನಾವು ಹೋಗಲ್ಲ," ಅಂದೆ.

"ಇವತ್ತಿಗೆ ಇರಿ."

"ಇವತ್ತಿಗಲ್ಲ."

ಒಳಗಿನಿಂದ ಸುತ್ತಿಗೆ ಒಂದು ಸಲ ಕೊಕ್ಕೆಗೆ ತಾಗಿತು. ಟಿಣ್. ಪರದೆ ಅಲುಗಿತು. ಇಸ್ತ್ರಿ ಸಾಹೇಬರ ಪ್ಯಾಂಟಿನ ಗೆರೆಯೂ ಅಲುಗಿತು.

"ಆಯ್ತು!" ಅಂದರು. "ಆಯ್ತು, ಆಯ್ತು!"

ಆ ಮಾತು ಅವರ ಬಾಯಲ್ಲಿ ಹೊಸದು. ಸರಿಯಾಗಿ ಹೊರಳಲಿಲ್ಲ.

ಹತ್ತು ಗಂಟೆಗೆ ಜನರಲ್ ಸಾಹೇಬರ ಮಗಳು ಬಂದರು. ಕೋಲು ಊರಿಕೊಂಡು, ಮುತ್ತಿನ ಸರ ಹಾಕಿಕೊಂಡು. ಹೂವು ಹಾಕಿದ ಬಚ್ಚಲ ಬಾಗಿಲಿನ ಮುಂದೆ ಕೂತರು. ಬ್ಯಾಂಡು ಬಾರಿಸಿತು. ಇಸ್ತ್ರಿ ಸಾಹೇಬರು ಭಾಷಣ ಮಾಡಿದರು. ಕಣ್ಣು ಮಾತ್ರ ನಮ್ಮ ಗೋಡೆಯ ಮೇಲಿತ್ತು. ಮಗಳು ಹಗ್ಗ ಎಳೆದರು, ಪರದೆ ಸರಿಯಿತು, ಚಪ್ಪಾಳೆ.

"ಈ ಬಾಗಿಲು ಯಾವುದು?" ಅಂದರು ಅವರು.

"ಅದು... ಚಾರಿತ್ರಿಕ ದ್ವಾರ, ಮೇಡಂ," ಅಂದರು ಇಸ್ತ್ರಿ ಸಾಹೇಬರು.

"ಕಕ್ಕಸು ಬಾಗಿಲು ಕಣಮ್ಮ," ಅಂದಳು ಅತ್ತೆ, ನಮ್ಮ ಹೊಸ್ತಿಲ ಮೇಲಿಂದ. "ನಿಮ್ಮಪ್ಪಂಗೆ ಹೊಟ್ಟೆ ಕೆಟ್ಟಿತ್ತು. ಹನ್ನೊಂದು ದಿನ ನಾನೇ ಎತ್ತಿದ್ದು."

ಬ್ಯಾಂಡಿನವನ ತುತ್ತೂರಿಯಿಂದ ಒಂದು ಅಪಸ್ವರ ಬಂತು. ಮಗಳು ಅತ್ತೆಯನ್ನು ನೋಡಿದರು. ಆಮೇಲೆ ನಕ್ಕರು. ಕೋಲು ಕೆಳಗೆ ಬೀಳುವಷ್ಟು ನಕ್ಕರು. "ಅಪ್ಪನ ಹೊಟ್ಟೆ! ಮನೇಲಿ ಎಲ್ಲರಿಗೂ ಗೊತ್ತು!" ಅಂದರು. ಅತ್ತೆಯೂ ನಕ್ಕಳು. ಫೋಟೋದವನು ಇಬ್ಬರನ್ನೂ ಹಿಡಿದ. ನಿಮ್ಮ ಹೆಸರೇನು ಅಂತ ಅವರು ಅತ್ತೆಯನ್ನು ಕೇಳಿದರು. ಅತ್ತೆ ಹೇಳಿದಳು. ಕಾರು ಹತ್ತುವಾಗ "ಬರ್ತೀನಿ ಅಜ್ಜಿ" ಅಂದರು. ಹದಿನೈದು ಹೆಜ್ಜೆಗೆ ಹೆಸರು ಮರೆತಿದ್ದರು. ನಗು ಒಳ್ಳೆಯದೇ. ಅದರಿಂದ ನಮ್ಮ ಸೂರಿನ ಒಂದು ತಗಡೂ ಗಟ್ಟಿಯಾಗಲಿಲ್ಲ. ಮಾರನೇ ದಿನದ ಪತ್ರಿಕೆಯಲ್ಲಿ ಫೋಟೋ ಬಂತು, ಅತ್ತೆಯನ್ನು ಕತ್ತರಿಸಿ. ಅವಳ ಒಂದು ಕಿವಿ ಮಾತ್ರ ಉಳಿದಿತ್ತು.

ನನ್ನ ಗಂಡ ಎರಡು ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಸುತ್ತಿಗೆ ಪಕ್ಕದಲ್ಲಿಟ್ಟುಕೊಂಡೇ ಊಟ ಮಾಡಿದರು. ಮೂರನೇ ದಿನ ಲಾರಿ ಬಂದು ಕುದುರೆಯನ್ನು ಒಯ್ದಿತು. ಎಲ್ಲಿಗೆ ಅಂತ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅದರ ಹಿಂದೆಯೇ ಫೈಲಣ್ಣ ಬಂದ. ಬೆವರು ಒರೆಸಿಕೊಂಡು ಹೊಸ್ತಿಲ ಹೊರಗೆ ಕೂತ.

"ಒಂದು ದಾರಿ ಮಾಡಿದಾರೆ," ಅಂದ. "ನಿಮ್ಮನ್ನ ಎಳೆಯೋಕೆ ಬಂದ್ರೆ ಒಳಗೆ ಸುತ್ತಿಗೆ ಇದೆ, ಗೋಡೆ ಮೇಲೆ ಹೆಸರಿದೆ. ಅದಕ್ಕೆ ನಿಮ್ಮನ್ನ ಕಲ್ಲು ಕಾಯೋರು ಅಂತ ಮಾಡಿದಾರೆ. ದಿನಾ ಒರೆಸಬೇಕು. ದಂಡಿನ ದಯೆಯಿಂದ ವಾಸ. ಇಲ್ಲಿ ಹೆಬ್ಬೆಟ್ಟು ಒತ್ತಿ ಅಜ್ಜಿ."

ಅತ್ತೆ ಹೆಬ್ಬೆರಳು ಚಾಚಿದಳು. ನಾನು ಹಿಡಿದುಕೊಂಡೆ. ಕಾಗದ ಇಸಿದುಕೊಂಡು ಓದಿದೆ.

"ದಯೆ ಬೇಡ, ಹೊಡೆದು ಹಾಕು," ಅಂದೆ.

"ಅಯ್ಯೋ, ಮೇಲಿನವರ ಮಾತು ಅದು..."

"ಹೊಡೆದು ಹಾಕು ಫೈಲಣ್ಣ. ಕಾಯೋರು ಅನ್ನೋದೂ ಬೇಡ. ಕಲ್ಲು ನಾವು ಕಾಯಲ್ಲ. ಒರೆಸೋದೂ ಇಲ್ಲ."

"ಮತ್ತೆ ಏನಂತ ಬರೀಲಿ?"

"ಇಲ್ಲಿ ಇರೋರು ಅಂತ."

"ಅಷ್ಟೇನಾ?"

"ಅಷ್ಟೇ."

ಒಳಗೆ ನನ್ನ ಗಂಡ ಕೆಮ್ಮಿದರು. ಫೈಲಣ್ಣ ಗೋಡೆ ನೋಡಿದ, ನನ್ನ ನೋಡಿದ, ಎರಡು ಸಾಲು ಹೊಡೆದು ಹಾಕಿ ಮೇಲೆ ಸಣ್ಣಕ್ಷರದಲ್ಲಿ ಬರೆದ. ನಾನು ಓದಿದೆ. ಸರಿಯಾಗಿತ್ತು. ಅತ್ತೆ ಹೆಬ್ಬೆಟ್ಟು ಒತ್ತಿದಳು, ಹಿಟ್ಟು ನಾದುವ ಹಾಗೆ, ಮೈ ಭಾರ ಎಲ್ಲ ಹಾಕಿ.

"ಇನ್ನೊಂದು ಕಾಲಂ ಇದೆ," ಅಂದ ಫೈಲಣ್ಣ. "ಎಲ್ಲಿಯವರೆಗೆ ಅಂತ."

"ನಾನು ಸಾಯೋವರೆಗೆ ಅಂತ ಬರಿ ಮಗಾ," ಅಂದಳು ಅತ್ತೆ.

"ಬೇಡ," ಅಂದೆ. "ನೀವು ಕಣ್ಣು ಮುಚ್ಚಿದ ಮಾರನೇ ದಿನಾನೇ ಬರ್ತಾರೆ ಅತ್ತೆ. ಏನೂ ಬರೀಬೇಡ ಫೈಲಣ್ಣ."

"ಆ ಕಾಲಂ ತುಂಬದೆ ಫೈಲು ಮುಚ್ಚೋಕಾಗಲ್ಲವಲ್ಲ ತಾಯಿ."

"ಮುಚ್ಚಬೇಡ," ಅಂದೆ.